ಇಪ್ಪತ್ತೆರಡು ಚಾಕಲೇಟು ಉಂಡೆ

ಮಕ್ಕಳೇ, ನಮ್ಮ ಮನೆಗೆ ಯಾರೇ ಬಂದರೂ ನೀವಿಬ್ಬರೂ ಒಂದು ಕಥೆ ಹೇಳಿ ನಗುತ್ತೀರಿ. ಸಣ್ಣವಳ ಮೂರನೆಯ ಹುಟ್ಟುಹಬ್ಬಕ್ಕೆಂದು ಮಾಡಿಟ್ಟಿದ್ದ ಚಾಕಲೇಟು ಉಂಡೆಗಳನ್ನು ಅಜ್ಜಿ ಒಬ್ಬಳೇ ಕೂತು ತಿಂದು ತಾಟು ಖಾಲಿ ಮಾಡಿದಳು ಎಂಬ ಕಥೆ. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕು ಸುಮ್ಮನಾಗುತ್ತೇನೆ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಎಂದೂ ಬಂದಿಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಆ ಹುಟ್ಟುಹಬ್ಬದ ಹಿಂದಿನ ವಾರ ನಾವೆಲ್ಲ ಹುಬ್ಬಳ್ಳಿಗೆ ಒಂದು ಮದುವೆಗೆ ಹೋಗಿದ್ದೆವು. ಸಣ್ಣವಳಿಗೆ ಜರಿಯ ಲಂಗ ತೊಡಿಸಿದ್ದರು. ಕಂಡವರೆಲ್ಲ ಗಲ್ಲ ಹಿಂಡಿದರು, ಎತ್ತಿಕೊಂಡರು. ಧಾರವಾಡಕ್ಕೆ ಮರಳಿದ ಮೇಲೆ ಮಗು ಅನ್ನ ಮುಟ್ಟಲಿಲ್ಲ. ತಿಂದ ತುತ್ತನ್ನೂ ಕಾರಿಕೊಂಡಳು, ನಿದ್ದೆಯಲ್ಲಿ ಬೆಚ್ಚಿಬಿದ್ದಳು. ಡಾಕ್ಟರು ಔಷಧ ಕೊಟ್ಟರು. ಅದೂ ಇರಲಿ, ಇದೂ ಇರಲಿ ಎಂದು ಅಮಾವಾಸ್ಯೆಯ ಸಂಜೆ ನಾನು ಯಾರಿಗೂ ಹೇಳದೆ ಒಂದು ನಿಂಬೆಹಣ್ಣು ಹಿಡಿದು ಅವಳ ನೆತ್ತಿಯಿಂದ ಪಾದದವರೆಗೆ ಮೂರು ಸಲ ನಿವಾಳಿಸಿ ದೃಷ್ಟಿ ತೆಗೆದೆ. ಹಣ್ಣಿಗೆ ಕುಂಕುಮ ಹಚ್ಚಲಿಲ್ಲ. ನಿಮ್ಮ ಅವ್ವ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳು. ಕಂಡರೆ ಏನೆಂದಾಳೋ ಎಂಬ ಸಂಕೋಚ.

ನಿವಾಳಿಸಿದ ಹಣ್ಣನ್ನು ಮೂರು ದಾರಿ ಕೂಡುವಲ್ಲಿ ಒಗೆದು, ಹೊರಳಿ ನೋಡದೆ ಮನೆಗೆ ಬರಬೇಕು. ನಾನು ಗೇಟಿನವರೆಗೆ ಹೋದೆ. ನಮ್ಮ ಓಣಿಯ ತಿರುವಿನಲ್ಲಿ ವಾಕಿಂಗಿಗೆ ಹೊರಟ ಹೆಂಗಸರು ನಿಂತು ಮಾತಾಡುತ್ತಿದ್ದರು. ಅವರ ಮುಂದೆ ಒಗೆಯಲು ನಾಚಿಕೆಯಾಗಿ ಮುಷ್ಟಿ ಬಿಚ್ಚದೆ ಹಿಂದಿರುಗಿದೆ. ಬೆಳಿಗ್ಗೆ ಒಗೆದರಾಯಿತು ಎಂದು ಹಣ್ಣನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ಹಾಲು, ಚಹಾ, ಬುತ್ತಿ ಎನ್ನುವಷ್ಟರಲ್ಲಿ ಮರೆತೇಬಿಟ್ಟೆ.

ದೊಡ್ಡವಳಿಗೆ ಅಂದು ಸಾಲೆ ರಜೆ. ಮರುದಿನವೇ ತಂಗಿಯ ಹುಟ್ಟುಹಬ್ಬ. ಮೊಬೈಲಿನಲ್ಲಿ ನೋಡಿದ ನಿಂಬೆಯ ವಾಸನೆಯ ಟ್ರಫಲ್ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. ನಿಮ್ಮ ಅಪ್ಪ ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಿಂದ ಕಪ್ಪು ಚಾಕಲೇಟಿನ ಗಟ್ಟಿಯನ್ನೂ ಕೋಕೋ ಪುಡಿಯನ್ನೂ ತಂದುಕೊಟ್ಟಿದ್ದ. ಕೆನೆ ಮನೆಯದೇ. ಅಂದರೆ ಇದೂ ಒಂದು ಉಂಡಿಯೇ ಅಲ್ಲವೇನು ಎಂದು ನಾನು ಕೇಳಿದ್ದಕ್ಕೆ, ಉಂಡಿ ಎನ್ನಬೇಡ, ಟ್ರಫಲ್ ಎನ್ನು ಎಂದು ನನ್ನ ಬಾಯಿಂದ ಎರಡು ಸಲ ಅನ್ನಿಸಿದಳು.

ನಾನು ಹೊರಗೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅವಳು ನಿಂಬೆಹಣ್ಣಿನ ಸಿಪ್ಪೆ ತುರಿದಿಟ್ಟಿದ್ದಳು. ಮೇಲಿನ ಹಳದಿ ಮಾತ್ರ ಬೇಕು, ಕೆಳಗಿನ ಬಿಳಿ ಕಹಿ ಎಂದು ನನಗೇ ಪಾಠ ಹೇಳಿದಳು. ತುರಿಯನ್ನು ಬಿಸಿ ಕೆನೆಗೆ ಹಾಕಿ ಮುಚ್ಚಿಟ್ಟೆವು. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ಅಡುಗೆಮನೆಯೆಲ್ಲ ಘಮಘಮ. ಅದನ್ನು ಸೋಸಿ ಚಾಕಲೇಟಿನ ಚೂರುಗಳ ಮೇಲೆ ಸುರಿದು ಮೆಲ್ಲಗೆ ತಿರುವಿದಾಗ, ಮಳೆ ಬಿದ್ದ ಎರೆಹೊಲದಂತೆ ಕಪ್ಪಗೆ ಹೊಳೆಯಿತು. ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಟ್ಟೆವು.

ಆಮೇಲೆ ನಾನು ಕಟ್ಟೆ ಒರೆಸುತ್ತ ಕಿಟಕಿಯ ಕಡೆ ಬಂದೆ. ಕಿಟಕಿ ಖಾಲಿ.

"ಇಲ್ಲೊಂದು ಲಿಂಬಿಹಣ್ಣು ಇತ್ತಲ್ಲ?" ಎಂದೆ.

"ಅದನ್ನೂ ಹೆರದು ಹಾಕೇನಲ್ಲ ಅಜ್ಜಿ. ಬುಟ್ಟ್ಯಾಗ ಮೂರ ಇದ್ವು, ನಾಕ್ ಬೇಕಿದ್ವು. ಬರೋಬ್ಬರಿ ಆತು."

ಕಟ್ಟೆ ಹಿಡಿದು ನಿಂತೆ.

ನಿಮಗೆ ನಾನು ಹೇಳದ ಮಾತೊಂದಿದೆ. ನನಗೊಬ್ಬ ತಂಗಿ ಇದ್ದಳು. ಸಾಲೆಗೆ ಹೋಗುವ ದಾರಿಯಲ್ಲಿ ಯಾರೋ ನಿವಾಳಿಸಿ ಒಗೆದಿದ್ದ ನಿಂಬೆಹಣ್ಣನ್ನು ಕಾಲಿನಿಂದ ಒದ್ದು ನಕ್ಕಿದ್ದಳು. ಅಂದೇ ಜ್ವರ ಬಂತು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು. ಅವಳಿಗೆ ಬಂದದ್ದು ಬೇರೆ ಯಾವುದೋ ರೋಗವೆಂದು ನನಗೂ ಈಗ ತಿಳಿಯುತ್ತದೆ. ಆದರೆ ಅಂಜಿಕೆಗೆ ತಿಳಿಸಿ ಹೇಳುವವರು ಯಾರು? ಅವಳು ಬರೀ ಒದ್ದಿದ್ದಳು. ಇಲ್ಲಿ ಮಗುವಿನ ಮೈಮೇಲಿಂದ ನಾನೇ ಇಳಿಸಿದ ದೃಷ್ಟಿಯನ್ನು ಆ ಮಗುವೇ ನಾಳೆ ತಿನ್ನಬೇಕು.

ಉಂಡೆ ಕಟ್ಟಲು ಕೂತಾಗ ದೊಡ್ಡವಳ ಬಿಸಿ ಕೈಗೆ ಚಾಕಲೇಟು ಕರಗಿ ಬೆರಳಿಗೆಲ್ಲ ಅಂಟಿಕೊಂಡಿತು. ನನ್ನ ಕೈಯಲ್ಲಿ ಒಂದೊಂದೂ ಗೋಲಿಯಂತೆ ಗುಂಡಗೆ ಕೂತಿತು.

"ನಿನ್ನ ಕೈ ಎಷ್ಟ್ ತಣ್ಣಗ ಅದಾವ ಅಜ್ಜಿ, ಟ್ರಫಲ್ ಮಾಡಾಕ ಹುಟ್ಟಿದಂಗ," ಎಂದಳು.

ಹೆದರಿಕೆಯಿಂದ ತಣ್ಣಗಾದ ಕೈ ಅವು ಎಂದು ಹೇಗೆ ಹೇಳಲಿ? ಹೇಳಿದರೆ ನಗುತ್ತಾಳೆ. ನಕ್ಕು ತಂಗಿಗೆ ಕೊಟ್ಟೇ ತೀರುತ್ತಾಳೆ. ಅಷ್ಟರಲ್ಲಿ ಸಣ್ಣವಳು ವಾಸನೆ ಹಿಡಿದು ಬಂದು ಕೈ ಚಾಚಿದಳು. ದೊಡ್ಡವಳು ಒಂದನ್ನು ಅವಳ ಬಾಯಿಯ ಹತ್ತಿರ ಒಯ್ದಿದ್ದಳು. ನಾನು ಕಸಿದುಕೊಂಡೆ. ಎಂದೂ ಗದರದವಳು ಗದರಿದೆ. ಮಗು ತುಟಿ ಹೊರಳಿಸಿ ಅತ್ತಿತು. ನಾಳೆ, ಆರತಿ ಆದ ಮೇಲೆ ಎಂದು ಸುಳ್ಳು ಹೇಳಿ ಎತ್ತಿಕೊಂಡೆ. ಅವಳ ಎದೆ ನನ್ನ ಎದೆಗೆ ಬಡಿಯುತ್ತಿತ್ತು. ಬಡಿತ ಯಾರದೆಂದು ತಿಳಿಯಲಿಲ್ಲ.

ಇಪ್ಪತ್ತೆರಡು ಉಂಡೆ ಆದವು. ಕೋಕೋ ಪುಡಿಯಲ್ಲಿ ಹೊರಳಿಸಿ, ತಾಟಿನಲ್ಲಿ ಹೊಂದಿಸಿ ಫ್ರಿಜ್ಜಿನಲ್ಲಿಟ್ಟು ದೊಡ್ಡವಳು ಊಟ ಮಾಡಿ ಹಾಡಿನ ಕ್ಲಾಸಿಗೆ ಹೋದಳು. ಸಣ್ಣವಳು ಮಲಗಿದಳು. ನಾನು ತಾಟನ್ನು ಹೊರತೆಗೆದು ನೆಲದ ಮೇಲೆ ಮುಂದಿಟ್ಟುಕೊಂಡು ಕೂತೆ.

ಕಸದ ಗಾಡಿಗೆ ಹಾಕೋಣವೆಂದರೆ, ಗಾಡಿಯ ಹೆಣ್ಣುಮಗಳು ಛಲೋ ತಿನಿಸು ಎಂದು ತನ್ನ ಮಕ್ಕಳಿಗೆ ಒಯ್ದರೆ? ದನಕ್ಕೆ ಹಾಕಿದರೆ ಅದೂ ಹಾಲುಣಿಸುವ ತಾಯಿ. ಹೂಳೋಣವೆಂದರೆ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿದೆ. ಆಗ ಹೊಳೆಯಿತು. ನನ್ನನ್ನು ನೋಡಿ ಈ ವಯಸ್ಸಿನಲ್ಲಿ ಯಾರು ಕಣ್ಣು ಹಾಕುತ್ತಾರೆ? ಕಳೆದುಕೊಳ್ಳುವುದನ್ನು ನಿಮ್ಮ ಅಜ್ಜನ ಜೊತೆಗೇ ಕಳೆದುಕೊಂಡಾಗಿದೆ. ಬರುವುದಿದ್ದರೆ ನನಗೇ ಬರಲಿ ಎಂದು ಕಣ್ಣು ಮುಚ್ಚಿ ಮೊದಲನೆಯದನ್ನು ಬಾಯಿಗೆ ಹಾಕಿಕೊಂಡೆ.

ಸುಳ್ಳು ಹೇಳಬಾರದು, ರುಚಿಯಾಗಿತ್ತು. ಮೊದಲು ಕಹಿ, ಆಮೇಲೆ ಕರಗಿ ಸಿಹಿ, ಕೊನೆಗೆ ನಿಂಬೆ ಮೂಗಿಗೆ ಏರುತ್ತಿತ್ತು. ಆ ನಿಂಬೆ ಏರಿದಾಗಲೊಮ್ಮೆ ಕೊರಳ ಲಿಂಗ ಹಿಡಿದುಕೊಂಡೆ. ಆರನೆಯದಕ್ಕೆ ರುಚಿ ಸತ್ತಿತು. ಹತ್ತರ ನಂತರ ನೀರು ಕುಡಿದು ಕುಡಿದು ನುಂಗಿದೆ. ಹದಿಮೂರನೆಯದು ಬಾಯಲ್ಲಿದ್ದಾಗ ನಿಮ್ಮ ಅವ್ವ ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಏನ್ ಮಾಡಾಕತ್ತೀರಿ ಅತ್ತಿ? ನಿಮಗ ಶುಗರ್ ಐತಿ."

ಬಾಯಿ ತುಂಬಿತ್ತು, ಕಣ್ಣೂ ತುಂಬಿದವು. ನುಂಗಿ, ಎಲ್ಲವನ್ನೂ ಹೇಳಿದೆ. ಮದುವೆ, ಕಿಟಕಿ, ನನ್ನ ತಂಗಿ. ಈ ಮನೆಯಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ತಪ್ಪಾತು ಯವ್ವಾ," ಎಂದೆ. "ಮಂದಿ ಮುಂದ ಒಗ್ಯಾಕ ನಾಚಿಕಿ ಬಂತು."

ಅವಳು ನಗುತ್ತಾಳೆಂದು ಅಂಜಿದ್ದೆ. ನಗಲಿಲ್ಲ. ಸಣ್ಣವಳು ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿದಳು. ಬ್ಯಾಗು ಇಳಿಸಿ, ಕೈ ತೊಳೆದುಕೊಂಡು ನನ್ನ ಪಕ್ಕ ನೆಲಕ್ಕೇ ಕೂತಳು.

"ಇದನ್ನೆಲ್ಲಾ ನಾ ನಂಬೂದಿಲ್ರಿ," ಎಂದಳು. "ಆದ್ರ ಇನ್ನ ಆಕಿಗೆ ಕೊಡಾಕ ನನಗೂ ಧೈರ್ಯ ಸಾಲವಲ್ತು. ತಾಟು ಇತ್ತ ಸರಸ್ರಿ," ಎಂದು ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

ಬೇಡವೆಂದು ಅವಳ ಕೈ ಹಿಡಿದೆ. ನೀನು ಎಳೆಯ ಮಕ್ಕಳ ತಾಯಿ ಎಂದೆ. ಆಕೆ ಕೇಳಲಿಲ್ಲ.

ಆಮೇಲೆ ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಎಷ್ಟು ಬಂತೆಂದು ನನಗೆ ಹೇಳಲೇ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಸಂಜೆಯವರೆಗೆ ನನ್ನನ್ನು ಓಣಿಯಲ್ಲಿ ನಡೆಸಿದಳು. ದೊಡ್ಡವಳು ಬಂದು ಖಾಲಿ ತಾಟು ಹಿಡಿದು ಕೇಳಿದಾಗ ನಾನೇ ತಿಂದೆ ಎಂದೆ. ನಿಮ್ಮ ಅವ್ವ ಬಾಯಿ ಬಿಡಲು ಹೋದಳು. ನಾನು ಕಣ್ಣಿನಲ್ಲೇ ತಡೆದೆ. ಮಗಳ ಮುಂದೆ ಆಕೆಯ ವಿಜ್ಞಾನ ಉಳಿಯಲಿ ಎನ್ನಿಸಿತು.

ಮರುದಿನ ಕಿತ್ತಳೆ ತಂದು ಮತ್ತೆ ಮಾಡಿದೆವು. ಸಣ್ಣವಳು ಮೊದಲನೆಯದನ್ನು ತಿಂದು ಎರಡನೆಯದಕ್ಕೆ ಕೈ ಚಾಚುವವರೆಗೂ ನನ್ನ ಜೀವ ಜಾಗದಲ್ಲಿರಲಿಲ್ಲ. ನಿಮ್ಮ ಅವ್ವನೂ ಉಸಿರು ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದಳು.

ಈಗ ನೀವು ದೊಡ್ಡವರಾಗಿದ್ದೀರಿ. ಕಥೆ ಹೇಳುವುದಿದ್ದರೆ ಲೆಕ್ಕ ಸರಿಯಾಗಿ ಹೇಳಿರಿ. ನಾನು ತಿಂದದ್ದು ಹದಿಮೂರು. ಉಳಿದ ಒಂಬತ್ತನ್ನು ತಿಂದವಳು ನಿಮ್ಮ ಅವ್ವ.