ಮಗ್ಗ ಇಳಿಯದ ಅಂಚು ಬ್ಲಾಗ್ ಏರಿದ್ದು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡರೆ ಕೊನೆಗೆ ನೀವು ಬೈಯುವುದು ತುಸು ಕಡಿಮೆಯಾದೀತು ಎಂಬ ಆಸೆ. ಇವತ್ತು ಬೆಳಿಗ್ಗೆ ಬ್ಲಾಗ್ ತೆರೆದರೆ, ‘ಹೊಸ ವಿನ್ಯಾಸ ಬಂದಿದೆ, ಹಾಕಿಕೊಳ್ಳುವಿರಾ?’ ಎಂದು ಅದು ಕೇಳಿತು. ಗುಂಡಿ ಒತ್ತಲು ಹೋದ ಬೆರಳು ತಾನಾಗಿಯೇ ಹಿಂದೆ ಬಂತು. ಒಮ್ಮೆ ಸುಟ್ಟುಕೊಂಡ ಬೆರಳು ಅದು.

ನಾನು ಬ್ಲಾಗ್ ಶುರುಮಾಡಿದ್ದು ಎಷ್ಟೋ ವರ್ಷಗಳ ಹಿಂದೆ, ಚಳ್ಳಕೆರೆಯ ಸೈಬರ್ ಸೆಂಟರೊಂದರಲ್ಲಿ. ಕಂಡವರನ್ನೆಲ್ಲ ಅಣಕಿಸುವುದು ನನ್ನ ಹುಟ್ಟುಚಾಳಿ. ನಾಯಕನಹಟ್ಟಿ ಬಸ್ಸಿನ ಕಂಡಕ್ಟರು ಮೂಗಿನಲ್ಲೇ ಟಿಕೆಟ್ ಕೇಳುವುದು, ನಮ್ಮವ್ವ ಕೋಳಿಗೂ ನನಗೂ ಒಂದೇ ರಾಗದಲ್ಲಿ ಬೈಯುವುದು, ಇಂಥವನ್ನು ಬಾಯಲ್ಲಿ ಮಾಡುತ್ತಿದ್ದವನು ಬರೆಯತೊಡಗಿದೆ. ಬರೆದದ್ದು ನಾಲ್ಕು. ಐದನೆಯದಕ್ಕೆ ಏನೂ ತೋಚಲಿಲ್ಲ. ಬರೆಯಲು ತೋಚದವನು ಏನು ಮಾಡುತ್ತಾನೆ ಹೇಳಿ? ಮನೆಗೆ ಸುಣ್ಣ ಬಳಿಯುತ್ತಾನೆ. ನಾನೂ ಬ್ಲಾಗನ್ನು ಹೊಸ ತಂತ್ರಾಂಶಕ್ಕೆ ಸಾಗಿಸಿ, ವಾರಕ್ಕೊಂದು ಬಣ್ಣ ಹಚ್ಚಿದೆ. ಆ ಹೊಸ ವಿನ್ಯಾಸಕ್ಕೆ ನೆತ್ತಿಯ ಮೇಲೆ ಉದ್ದ ಪಟ್ಟಿಯಂಥ ಚಿತ್ರವೊಂದು ಬೇಕೇ ಬೇಕಿತ್ತು.

ಉದ್ದ ಪಟ್ಟಿ ಎಂದ ಕೂಡಲೇ ಸೀರೆಯ ಅಂಚು ನೆನಪಾಗದವನು ಮೊಳಕಾಲ್ಮೂರಿನವರ ನೆಂಟನೇ ಅಲ್ಲ. ಅಪ್ಪನ ತಂಗಿ, ನನ್ನ ಅತ್ತೆ, ಅಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಅಷ್ಟು ವರ್ಷ ಸೀರೆ ಕೊಳ್ಳುವ ಸಾವುಕಾರರು ಕೊಟ್ಟ ಡಿಸೈನನ್ನೇ ನೇಯ್ದವಳು ಆ ಸಲ ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ತುಂಬಿ ತಾನೇ ಒಂದು ಅಂಚು ಬರೆದಿದ್ದಳು: ಹುಣಸೆ ಚಿಗುರು. ನಾನು ಹೋದಾಗ ಮಗ್ಗದ ಮೇಲೆ ಹಳೇ ಪಂಚೆ ಹೊದಿಸಿತ್ತು. ಅತ್ತೆ ನೀರಿಗೆ ಹೋದದ್ದೇ ತಡ, ಪಂಚೆ ಸರಿಸಿ ಅಂಚನ್ನು ಗೆಳೆಯನ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿಕೊಂಡು ಹೋಗಿ ಬ್ಲಾಗಿನ ನೆತ್ತಿಗೇರಿಸಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಗಾಳಿ ಕುಡಿದು ಬೆಳೆದ ನನಗೆ ಮಗ್ಗದವರ ರೀತಿ ಏನು ಗೊತ್ತು? ಪಂಚೆ ಇರುವುದು ಧೂಳಿಗೆಂದೇ ತಿಳಿದಿದ್ದೆ, ದೇವರಾಣೆ.

ಹತ್ತು ದಿನ ಬಿಟ್ಟು, ಅವಳನ್ನು ಖುಷಿಪಡಿಸೋಣವೆಂದು ಮೊಳಕಾಲ್ಮೂರಿನ ಸೈಬರ್ ಅಂಗಡಿಗೆ ಕರೆದೊಯ್ದೆ. ತೆರೆಯ ನೆತ್ತಿಯಲ್ಲಿ ಹುಣಸೆ ಚಿಗುರು ಮೂಡಿತು. ಅತ್ತೆ ಎದ್ದು ನಿಂತವಳೇ ಸೆರಗು ಹರಡಿ ಮಾನಿಟರನ್ನು ಮುಚ್ಚಿಬಿಟ್ಟಳು.

“ಕ್ಯಾ ಅಮ್ಮಾ, ಅದಕ್ಕೇನು ಚಳಿಜ್ವರಾನಾ?” ಎಂದರು ಅಂಗಡಿಯ ಭಾಯಿ.

ಅತ್ತೆ ನಗಲಿಲ್ಲ. ಸಿಟ್ಟು ಬಂದರೆ ಅವಳ ಬಾಯಿಗೆ ಮೊದಲು ಬರುವುದು ತೆಲುಗು. “ಏಮಿರಾ ಅಲ್ಲುಡಾ! ಏನಲೇ ಅಳಿಯಾ! ಸೀರೆ ಮಗ್ಗ ಇಳಿಯೋಗಂಟ ಹೊಸ ಅಂಚು ಪಕ್ಕದ ಮನೇರ್ಗೂ ತೋರ್ಸಲ್ಲ ನಾವು. ಒಂದು ಕಣ್ಣು ಬಿದ್ರೆ ನಾಳೆ ಹತ್ತು ಮಗ್ಗದಾಗೆ ಇರ್ತೈತೆ. ಆಮ್ಯಾಲೆ ಇದು ನಂದು ಅಂದ್ರೆ ಯಾರು ನಂಬ್ತಾರೆ? ಇನ್ನೂ ಸಾವ್ಕಾರ್ರೇ ನೋಡಿಲ್ಲ, ನೀನು ಲೋಕಕ್ಕೆಲ್ಲಾ ತೋರ್ಸಿದೀಯಲ್ಲೋ!”

ನಾನು ಸೆರಗಿನ ಸಂದಿಯಲ್ಲಿ ಇಣುಕುತ್ತಲೇ ಚಿತ್ರವನ್ನು ಅಳಿಸಿದೆ.

“ಅಳಿಸಿದ್ರೆ ಮುಗೀತಾ? ಇಷ್ಟು ದಿನ ಎಷ್ಟು ಜನ ನೋಡ್ಯಾರೆ, ಅದನ್ನ ಹೇಳು.”

ಹೊಸ ತಂತ್ರಾಂಶ ಅದನ್ನೂ ಬರೆದಿಟ್ಟಿತ್ತು. ನಲವತ್ತೊಂದು ಸಲ. ಅತ್ತೆಯ ಮುಖ ಬಿಳಿಚಿಕೊಂಡಿತು. ಯಾವ ಊರಿಂದ, ಯಾವ ಕಂಪ್ಯೂಟರಿನಿಂದ ಎಂಬ ಸಾಲುಗಳನ್ನು ನಾನು ಓದುತ್ತ ಹೋದಂತೆ ಅವಳಿಗೆ ಜೀವ ಬಂತು, ನನ್ನ ಮಾನ ಹೋಯಿತು.

“ಮೂವತ್ತೆಂಟು ಸಲ... ನಾನೇ, ಅತ್ತೆ. ಎರಡು ಸಲ ಕ್ಯಾಮೆರಾ ಕೊಟ್ಟ ಗೆಳೆಯ. ಇನ್ನೊಂದು, ಈಗ ನೀನು.”

ಆ ಸೀರೆ ಮಗ್ಗ ಇಳಿಯಿತು. ಹುಣಸೆ ಚಿಗುರು ಈಗ ಮೂರು ಬಣ್ಣಗಳಲ್ಲಿ ಹೋಗುತ್ತದೆ, ಅತ್ತೆಯ ಅಂಚು ಎಂದೇ. ಇವತ್ತು ಗುಂಡಿ ಒತ್ತುವ ಮೊದಲು, ನೆತ್ತಿಗೆ ಆ ಅಂಚಿನ ಚಿತ್ರ ಹಾಕಲೇ ಎಂದು ಅವಳಿಗೆ ಫೋನ್ ಮಾಡಿ ಕೇಳಿದೆ. “ಈಗ ಧೈರ್ಯವಾಗಿ ಹಾಕ್ಕೋ” ಎಂದಳು. ಹಾಕಿಕೊಂಡೆ. ನಮ್ಮ ಮಧ್ಯೆ ಆ ವಿಷಯ ಮತ್ತೆ ಜಗಳವಾಗಿ ಬಂದೇ ಇಲ್ಲ. ಅದು ಆವತ್ತೇ ತೀರಿಹೋಗಿತ್ತು. ನನ್ನ ಆ ಲೆಕ್ಕ ಕೇಳಿ, ಮಾನಿಟರಿನ ಮೇಲಿಂದ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಇಡೀ ಅಂಗಡಿಗೆ ಕೇಳುವಂತೆ ಅತ್ತೆ ಅಂದಿದ್ದಳು:

“ಅಲ್ಲಲೇ, ಮೊದ್ಲೇ ಗೊತ್ತಿದ್ರೆ ಮಗ್ಗದ ಮ್ಯಾಲೆ ಪಂಚೆ ಯಾಕೆ ಹೊದಿಸ್ತಿದ್ದೆ? ನಿನ್ನ ಬ್ಲಾಗ್ನಾಗೇ ಬಚ್ಚಿಡ್ತಿದ್ದೆ!”