ಹದ್ದಿಗೆ ನೆರಳು ಕೊಟ್ಟವರು

ಒಳ್ಳೆಯದು ಮಾಡಲು ಹೊರಟವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಬೈದರೆ ಊರೆಲ್ಲ ತಿರುಗಿ ನಮ್ಮನ್ನೇ ಬೈಯುತ್ತದೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಗಂಡ ಹೆಂಡತಿ ಇಬ್ಬರೂ ಹಗಲೆಲ್ಲ ಅದರ ಸದ್ದಿನಲ್ಲೇ ಇರುತ್ತೇವೆ. ಸಂಜೆ ಗಿರಣಿ ನಿಲ್ಲಿಸಿ, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತೇವೆ. ದಸರಾ ಮುಗಿದು ಬೆಳಗಿನ ಚಳಿ ಶುರುವಾಗುವ ಹೊತ್ತಿಗೆ ಆ ಹಿತ್ತಲ ಮೇಲೆ ಹದ್ದುಗಳು ಹಾಯತೊಡಗುತ್ತವೆ. ಪುಸ್ತಕದಲ್ಲಿ ಇವಕ್ಕೆ ಸೆಳೆವ ಎಂಬ ಚಂದದ ಹೆಸರಿದೆ. ನಮ್ಮ ಓಣಿಗೆ ಎಲ್ಲವೂ ಹದ್ದೇ. ಹಿಮ ಬೀಳುವ ದೇಶಗಳಿಂದ ಬಂದು, ಹಗಲು ನಮ್ಮ ಹೊಲಗಳಲ್ಲಿ ಮಿಡತೆ ಹಿಡಿದು ತಿಂದು, ಸಂಜೆ ಊರಾಚೆಯ ದಿಬ್ಬದ ಬಯಲಿಗೆ ಮಲಗಲು ಹೋಗುವ ಹಕ್ಕಿಗಳು ಇವು. ನಾವು ಅವನ್ನು ಎಣಿಸುತ್ತೇವೆ. ನನ್ನ ಗಂಡ ಮೊದಲ ಹಕ್ಕಿಗೆ ಒಂದು ಎನ್ನುವುದಿಲ್ಲ, ಕಾಳು ಅಳೆಯುವವರ ಹಾಗೆ ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಹೋದ ವರ್ಷ ಒಂದು ಸಂಜೆ ಎಣಿಕೆ ಅರವತ್ತು ದಾಟಿದಾಗ ಇಬ್ಬರೂ ಕಲ್ಲು ಬಿಟ್ಟು ಎದ್ದು ನಿಂತಿದ್ದೆವು.

ಆ ಸಂಜೆಯೇ ನಮ್ಮ ಓಣಿಯ ಫೋಟೋ ಸ್ಟುಡಿಯೋದವನು ಹಿಟ್ಟು ಒಯ್ಯಲು ಬಂದು ಹಿತ್ತಲಿಗೂ ಬಂದ. ಊರಿನ ಪರಿಸರ ಬಳಗಕ್ಕೆ ಅವನೇ ಮುಂದಾಳು.

"ಎಲ್ಲಿಗೆ ಹೊಂಟಾವ್ರಿ ಅಕ್ಕಾರ ಇವು?"

"ದಿಬ್ಬದ ಬಯಲಿಗೆ. ರಾತ್ರಿ ಅಲ್ಲೇ ಮಲಗ್ತಾವ."

"ಅಲ್ಲಿ ಒಂದು ಗಿಡಾನೂ ಇಲ್ಲಲ್ರಿ!"

"ಗಿಡ ಯಾಕ ಬೇಕು? ಹುಲ್ಲಾಗ, ನೆಲದ ಮ್ಯಾಲೇ ಮಲಗ್ತಾವ."

"ಅಯ್ಯ ಪಾಪ," ಎಂದ ಅವನು. ಆ ಪಾಪದಲ್ಲೇ ಎಲ್ಲ ಕೆಟ್ಟಿತು. ನಾನು ಹಕ್ಕಿಯ ರೀತಿ ಹೇಳಿದ್ದೆ, ಅವನಿಗೆ ಅದು ಮನೆಯಿಲ್ಲದವರ ಕಷ್ಟದ ಕಥೆಯಾಗಿ ಕೇಳಿಸಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಬಳಗದವರು ಬಂದು, ಕಾರ್ಯಕ್ರಮವಿದೆ, ನಿಮಗೆ ಸನ್ಮಾನವಿದೆ ಎಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಇಳಿದು ನೋಡಿದರೆ ದಿಬ್ಬದ ಬಯಲು. ಶಾಮಿಯಾನ, ಮೈಕು, ಉಪ್ಪಿಟ್ಟು ಎಲ್ಲ ಇತ್ತು. ಹುಲ್ಲು ಇರಲಿಲ್ಲ. ಸಸಿಗೆ ತೊಂದರೆಯಾಗಬಾರದೆಂದು ಜೆಸಿಬಿ ತಂದು ಬುಡಸಮೇತ ಕೆತ್ತಿ ಹಾಕಿದ್ದರು. ಕಣ್ಣು ಹಾಯುವವರೆಗೂ ಸಾಲು ಸಾಲು ಗುಂಡಿ, ಗುಂಡಿಗೊಂದು ಸಸಿ. "ಇಷ್ಟು ವರ್ಷ ಖರಾಬು ಬಿದ್ದಿದ್ದ ಜಾಗ ಇನ್ನು ಮುಂದೆ ಹಕ್ಕಿಗಳ ವನ" ಎಂದು ಮುಖ್ಯ ಅತಿಥಿಗಳು ಮೈಕಿನಲ್ಲಿ ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಖರಾಬು! ಸರ್ಕಾರಿ ದಾಖಲೆಯಲ್ಲೂ ಅದೇ ಹೆಸರು, ಹುಲ್ಲುಬನ್ನಿ ಖರಾಬು. ಯಾವ ಪುಣ್ಯಾತ್ಮ ಬರೆದನೋ. ಗುಡೇಕೋಟೆ ಕಡೆಯ ಕುರಿಗಳೂ ಮೇಯಲು ಬರುತ್ತಿದ್ದ ನೆಲ ಅದು. ಸಮುದ್ರ, ಬೆಟ್ಟ ದಾಟಿ ಬಂದ ಹಕ್ಕಿ ಹುಡುಕಿ ಹುಡುಕಿ ಆರಿಸಿಕೊಂಡ ನೆಲ. ಉಳುವವನಿಗೆ ದಕ್ಕಲಿಲ್ಲ ಎಂದ ಮಾತ್ರಕ್ಕೆ ಅದು ಕೆಟ್ಟದ್ದೇ?

ನನ್ನ ಮೈಯೆಲ್ಲ ಉರಿಯುತ್ತಿತ್ತು. ಶಾಲು ಹೊದಿಸಲು ಬಂದವನ ಕೈಯನ್ನು ತಳ್ಳಿ, ವೇದಿಕೆಯ ಮೇಲೆಯೇ ಸ್ಟುಡಿಯೋದವನನ್ನು ಹಿಡಿದುಕೊಂಡೆ.

"ಅವು ಗಿಡದಾಗ ಮಲಗಂಗಿಲ್ಲೋ ಮಾರಾಯಾ! ಹುಲ್ಲಾಗ ಅಂತ ಹೇಳಿದ್ದಿಲ್ಲ ನಿನಗ?"

"ರೂಢಿ ಆಗ್ತಾವ ಬಿಡ್ರಿ ಅಕ್ಕಾರ," ಎಂದು ನಕ್ಕ. "ನಾವೂ ಮೊದಲು ನೆಲದ ಮ್ಯಾಲೇ ಮಲಗ್ತಿದ್ವಿ. ಈಗ ಮಂಚ ಬಂದಿಲ್ಲೇನು?"

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಗಿಡ ನೆಡುವುದನ್ನು ಬೇಡ ಎನ್ನುವ ಹೆಂಗಸನ್ನು ಅವರು ಅದೇ ಮೊದಲ ಸಲ ನೋಡಿರಬೇಕು. ಆಮೇಲೆ ಕಚೇರಿಗಳಿಗೂ ಅಲೆದೆ. ಹೋದಲ್ಲೆಲ್ಲ ಕುರ್ಚಿ ಕೊಟ್ಟು, ಚಹಾ ಕೊಟ್ಟು, "ಗಿಡ ಕೀಳಿಸ್ರಿ ಅಂತೀರೇನ್ರಿ ನೀವು?" ಎಂದು ಕೇಳಿದರು. ಹುಲ್ಲು ಉಳಿಸಿ ಎಂದರೆ ಆ ಮಾತು ಯಾರ ಕಿವಿಗೂ ಇಳಿಯಲಿಲ್ಲ. ಮನೆಯಲ್ಲಿ ಗಂಡನೂ ಒಂದು ದಿನ, "ನೀ ಎಣಿಸದಿದ್ರ ಇವರಿಗೆ ಗೊತ್ತೇ ಆಗ್ತಿರಲಿಲ್ಲ ನೋಡು," ಎಂದರು. ಆ ಮಾತಿಗೆ ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಎಣಿಸಿದ್ದು ತಪ್ಪಂತೆ, ಕೆತ್ತಿದ್ದು ಪುಣ್ಯವಂತೆ!

ಈ ವರ್ಷವೂ ದಸರಾ ಮುಗಿಯಿತು. ಹಕ್ಕಿಗಳು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದವು. ಅವಕ್ಕೇನು ಗೊತ್ತು? ಮೊದಲ ಸಂಜೆ ಹತ್ತಿಪ್ಪತ್ತು ಹಕ್ಕಿಗಳು ಹಿತ್ತಲ ಮೇಲೆ ಹಾದು ದಿಬ್ಬದ ಕಡೆಗೆ ಹೋದವು. ಚಹಾ ಮುಗಿಯುವಷ್ಟರಲ್ಲಿ ತಿರುಗಿ ಬಂದವು. ನಮ್ಮ ಮನೆಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ದಿಬ್ಬಕ್ಕೆ ಹೋದವು, ಮತ್ತೆ ಬಂದವು. ಹೋದದ್ದು ಯಾವುದು, ಬಂದದ್ದು ಯಾವುದು ತಿಳಿಯದೆ ಗಂಡ ಎಣಿಸುವುದನ್ನು ನಿಲ್ಲಿಸಿದರು. ಬೆಳಕು ಕಡಿಮೆಯಾದರೂ ಒಂದೂ ನೆಲಕ್ಕೆ ಇಳಿಯಲಿಲ್ಲ. ನಾನು ಕತ್ತೆತ್ತಿ ಅಳುತ್ತಾ ನಿಂತಿದ್ದೆ.

ಆಗ ಫೋನು ಬಂತು. ಸ್ಟುಡಿಯೋದವನು ದಿಬ್ಬದಿಂದಲೇ ಮಾಡಿದ್ದ, ದನಿಯಲ್ಲಿ ಸಂಭ್ರಮ.

"ಅಕ್ಕಾರ, ಬಂದಾವ ನೋಡ್ರಿ! ಮೊದಲು ಬಂದ ಕೂಡಲೇ ಹುಲ್ಲಾಗ ಇಳಿದು ಕಾಣದಂಗ ಆಗ್ತಿದ್ದವು. ಈಗ ಕತ್ತಲಾದ್ರೂ ನಮ್ಮ ಗಿಡದ ಮ್ಯಾಲೇ ಸುತ್ತಾಕ ಹತ್ಯಾವ, ಬಿಟ್ಟು ಹೋಗವಲ್ಲವು. ಎಷ್ಟು ಖುಷಿ ಆಗ್ಯಾವ ಅಂತೀನಿ!"