ಟೇಕ್ ಹೆಡ್ ಬಾತ್

ನೆದರ್ಲೆಂಡ್ಸಿನ ಎನ್ಸ್‌ಕೆಡೆ ಊರಿನ ಲೈಬ್ರರಿಯಲ್ಲಿ ಮಂಗಳವಾರ ಮಂಗಳವಾರ ಚೀನಾದ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. 'ಟೇಕ್' ಎಂಬ ಒಂದು ಕ್ರಿಯಾಪದ ಅವರ ಪ್ರಾಣ ಹಿಂಡುತ್ತಿತ್ತು. ಅವರ ಭಾಷೆಯಲ್ಲಿ ಮಾತ್ರೆಯನ್ನು ತಿನ್ನುತ್ತಾರೆ, ಬಸ್ಸಿನಲ್ಲಿ ಕೂರುತ್ತಾರೆ, ಫೋಟೊ ತಟ್ಟುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಟೇಕ್. ಮೂರು ವಾರ ಕೂತು, ಒಂದೊಂದು ಅರ್ಥಕ್ಕೂ ಚಿತ್ರ ಬರೆದು ಚಾರ್ಟ್ ಮಾಡಿದೆ.

ತರಗತಿಗಳ ಉಸ್ತುವಾರಿಯ ಡಚ್ ಮಹಾಶಯ, "ನಿಮ್ಮ ಇಂಗ್ಲಿಷ್ ಸ್ವಲ್ಪ ಇಂಡಿಯನ್, ತಿದ್ದಿ ಕೊಡ್ತೀನಿ" ಎಂದು ಅದನ್ನು ಒಯ್ದ. ತಿಂಗಳ ಮೇಲೆ ಚಾರ್ಟ್ ಅಚ್ಚಾಗಿ ಗೋಡೆಗೆ ಬಂತು. ಕೆಳಗೆ ಅವನೊಬ್ಬನ ಹೆಸರು. ಇನ್ನು ಪಾಠವೂ ತನ್ನದೇ ಎಂದ. ನನಗೆ ಮೈಯೆಲ್ಲ ಉರಿಯಿತು.

ಒಂದಕ್ಷರ ತಿದ್ದಿರಲಿಲ್ಲ ಪುಣ್ಯಾತ್ಮ. ಒಂಬತ್ತನೆಯ ಸಾಲಿನಲ್ಲಿ, ಬಕೆಟ್ಟು ಚೊಂಬಿನ ಚಿತ್ರದ ಪಕ್ಕ, 'ಟೇಕ್ ಹೆಡ್ ಬಾತ್' ಎಂದಿತ್ತು. ಇಂಗ್ಲಿಷರು ಯಾರೂ ಹಾಗೆ ಹೇಳುವುದಿಲ್ಲ, ನಾವು ಹೇಳುತ್ತೇವೆ. ನನ್ನ ತಪ್ಪು ನನಗೂ ಅಂದೇ ಕಂಡಿತು. ಮೊದಲು ನಾಚಿಕೆಯಾಯಿತು, ಆಮೇಲೆ ಖುಷಿಯಾಯಿತು. ಬಾಯಿಗೆ ಬೀಗ ಹಾಕಿಕೊಂಡೆ.

"ಬಿಡೇ, ಒಂದ್ ಚಾರ್ಟ್ ತಾನೆ, ಟೆನ್ಷನ್ ಯಾಕೆ ಮಾಡ್ಕೋತೀಯ?" ಎಂದರು ಮನೆಯವರು.

"ನನ್ ಕ್ಲಾಸ್ ರೀ ಅದು. ಬಿಡಲ್ಲ."

ಲೈಬ್ರರಿಯ ಮುಖ್ಯಸ್ಥೆ ಅವನ ಪಾಠ ನೋಡಲು ಬಂದ ದಿನ ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಸಾಲು ಸಾಲಾಗಿ ಓದಿಸುತ್ತ ಒಂಬತ್ತಕ್ಕೆ ಬಂದ. ವಿದ್ಯಾರ್ಥಿನಿಯರಲ್ಲಿ ಎಲ್ಲರಿಗಿಂತ ಹಿರಿಯಾಕೆ ಕೈಯೆತ್ತಿದಳು.

"ಟೀಚರ್, ತಲೆಗೆ ಮಾತ್ರ ಸ್ನಾನವಾ? ಮೈ ಏನು ಮಾಡಬೇಕು?"

ಅವನು ಚಿತ್ರ ನೋಡಿದ, ಚೊಂಬು ನೋಡಿದ. "ಅದು ಇಂಗ್ಲೆಂಡಿನ ಒಂದು ಹಳೇ ಪದ್ಧತಿ" ಎಂದುಬಿಟ್ಟ.

"ಹೌದಾ? ನಮ್ಮಮ್ಮ ಇಂಗ್ಲೆಂಡಿನವರೇ. ನಾನು ಕೇಳಿಯೇ ಇಲ್ಲವಲ್ಲ" ಎಂದರು ಮುಖ್ಯಸ್ಥೆ.

ಅವನ ಕಿವಿ ಕೆಂಪಗಾಗುವವರೆಗೆ ಕಾದೆ. ಅವಸರ ನನಗೇನೂ ಇರಲಿಲ್ಲ. ಆಮೇಲೆ ಎದ್ದು ನಿಂತೆ.

"ಅದು ಮೈಸೂರಿನ ಪದ್ಧತಿ. ಹರಳೆಣ್ಣೆ ಒತ್ತಿಕೊಂಡು, ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿಕೊಳ್ಳೋದು. ಮೈಗೂ ಸೇರಿಸಿಯೇ. ಇಂಗ್ಲಿಷಿನಲ್ಲಿ ಅದು ತಪ್ಪು. ತಪ್ಪು ನನ್ನದು. ಚಾರ್ಟೂ ನನ್ನದು."

ಅವನು ನೆಲ ನೋಡುತ್ತಿದ್ದ. ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಮುಂದಿನ ಮಂಗಳವಾರ ತರಗತಿ ಮತ್ತೆ ನನ್ನದಾಗಿತ್ತು. ಚಾರ್ಟಿನ ಕೆಳಗೆ ಅವನ ಹೆಸರಿದ್ದ ಜಾಗಕ್ಕೆ ಕಾಗದ ಅಂಟಿಸಿ, ಅದರ ಮೇಲೆ ಹೊಸ ಸಾಲೊಂದನ್ನು ಬರೆದೆ: 'ಟೇಕ್ ರಿವೆಂಜ್.' ಆ ಹಿರಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅರ್ಥವೇನೆಂದು ಯಾರೂ ಕೇಳಲಿಲ್ಲ.